ಒಂದು ಮತದ ಬೆಲೆ ತಿಳಿಸಿದ ಡಾ. ಬಾಬಾಸಾಹೇಬ ಅಂಬೇಡ್ಕರರು



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ವೇಳೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಕೊಡಬೇಕೆಂದು ನಾವು ಯೋಚಿಸಿದೆವು. ಸಹಕಾರದ ಮಾತು ಬಂದರೆ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರು ನೆನಪಾಗುತ್ತಾರೆ. 1912ರಲ್ಲಿ ಬಿಜಾಪುರದಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದ ಫ.ಗು. ಹಳಕಟ್ಟಿಯವರು ನೆನಪಾಗುತ್ತಾರೆ. ಅವರ ಚರಿತ್ರೆ ನಮ್ಮ ಭಾಗದ ಜನರಿಗೆಲ್ಲ ಗೊತ್ತೇ ಇದೆ. ಹಂಗಿದ್ದಾಗ ಡಾ. ಅಂಬೇಡ್ಕರರ ಚರಿತ್ರೆ ಯಾಕ ಅಂತ ಯಾರಾದರೂ ಕೇಳಬಹುದು.

ಉತ್ತರ ಸರಳ ಐತಿ. ನಮ್ಮ ಸಂಘದಾಗ ಒಬ್ಬರದು ಹತ್ತು ಶೇರು ಇರಬಹುದು, ಇನ್ನೊಬ್ಬರದು ಒಂದೇ ಶೇರು ಇರಬಹುದು. ಚುನಾವಣೆ ಬಂದರೆ ಇಬ್ಬರಿಗೂ ಒಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನ ಬಡ ನೇಕಾರರು ಮತ್ತು ಕೂಲಿಕಾರರು ಕಟ್ಟಿದ ಸಂಘದಿಂದ ನಮ್ಮವರೆಗೂ ನಡೆದುಬಂದ ನಿಯಮ ಇದು. ಇದೇ ನಿಯಮವನ್ನು ಇಡೀ ದೇಶಕ್ಕೆ, ಅದೂ ಊರ ಹೊರಗೆ ಇಟ್ಟ ಜನಕ್ಕೆ ಸಿಗುವಂತೆ ಮಾಡಲು 30 ವರ್ಷಕ್ಕೂ ಮಿಕ್ಕಿ ದುಡಿದವರು ಬಾಬಾಸಾಹೇಬರು. ಅವರನ್ನು ಸಂವಿಧಾನ ಬರೆದವರೆಂದು ಎಲ್ಲರೂ ಬಲ್ಲೆವು. ಆದರೆ ಮತದ ಹಕ್ಕಿಗಾಗಿ ಅವರು ಪಟ್ಟ ಕಷ್ಟವನ್ನು ಬಲ್ಲವರು ಕಡಿಮೆ. ಅದನ್ನಷ್ಟೇ ಇಲ್ಲಿ ಹೇಳುತ್ತೇವೆ.

ಬಾಲ್ಯ ಮತ್ತು ವಿದ್ಯೆ

ಭೀಮರಾವ್ ಅವರು ಹುಟ್ಟಿದ್ದು 1891ನೇ ಇಸವಿ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಭೇದಾರರು. ತಾಯಿ ಭೀಮಾಬಾಯಿ. ಇವರಿಗೆ ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಭೀಮರಾಯನೇ ಕಡೆಯವನು. ಮನೆತನದ ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ, ಜಾತಿಯಿಂದ ಮಹಾರರು.

ಸಾತಾರೆಯ ಸಾಲಿಯಲ್ಲಿ ಈ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮ್ಯಾಲೆ ಬೇರೆ ಕೂಡಬೇಕಾಗಿತ್ತು. ನೀರಡಿಕೆ ಆದರೆ ಸಿಪಾಯಿ ಬಂದು ಮೇಲಿಂದ ನೀರು ಹಾಕಬೇಕು, ಸಿಪಾಯಿ ಇಲ್ಲದಿದ್ದರೆ ನೀರೂ ಇಲ್ಲ. ಇಂಥ ಕಷ್ಟದಲ್ಲಿಯೇ ಮ್ಯಾಟ್ರಿಕ್ ಪಾಸಾಗಿ, ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ಸಹಾಯದಿಂದ 1912ರಲ್ಲಿ ಬಿ.ಎ. ಮುಗಿಸಿದರು. 1913ರಲ್ಲಿ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ಹಿಂದಿರುಗಿ ಬಡೋದೆಯ ನೌಕರಿಗೆ ಸೇರಿದಾಗ ಆ ಊರಿನಲ್ಲಿ ಅವರಿಗೊಂದು ಬಾಡಿಗೆ ಮನೆ ಸಿಗಲಿಲ್ಲ. ಪಾರಸಿಗಳ ವಸತಿಗೃಹದಲ್ಲಿ ಇದ್ದವರನ್ನು ಜಾತಿ ತಿಳಿದ ಕೂಡಲೆ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಎಷ್ಟು ಕಲಿತರೂ ಸಮಾಜದ ಬಾಗಿಲು ತೆರೆಯುವುದಿಲ್ಲವೆಂದು ಅವರು ಅನುಭವದಿಂದಲೇ ತಿಳಿದರು. ಕಲಿತವನಿಗೇ ಹಿಂಗಾದರೆ ಕಲಿಯದವನ ಗತಿ ಏನು? ಅವನ ಪರವಾಗಿ ಸರಕಾರದ ಮುಂದೆ ಮಾತಾಡುವವರು ಯಾರು?

ಮತದಾರರ ಯಾದಿಯಲ್ಲಿ ಹೆಸರೇ ಇಲ್ಲದ ಕಾಲ

ಆ ಕಾಲದ ಮತದಾನದ ಪದ್ಧತಿಯನ್ನು ನಮ್ಮ ಈಗಿನ ಹುಡುಗರು ತಿಳಿದುಕೊಳ್ಳಬೇಕು. ನಮ್ಮ ಬಿಜಾಪುರ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಇಂತಿಷ್ಟು ಕಂದಾಯ ಕಟ್ಟುವವನು, ಇಂತಿಷ್ಟು ಆಸ್ತಿ ಉಳ್ಳವನು ಮಾತ್ರ ಮತದಾರ. ಹೊಲ ಇದ್ದ ಗೌಡರು, ಕುಲಕರ್ಣಿಯವರು, ಪೇಟೆಯ ಸಾವಕಾರರು ಯಾದಿಯಲ್ಲಿ ಇದ್ದರು. ಅವರ ಹೊಲದಲ್ಲಿ ದುಡಿಯುವವನ ಹೆಸರು ಅಲ್ಲಿ ಇರಲಿಲ್ಲ.

1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿ ಮುಂಬಯಿಗೆ ಬಂದು ಯಾರಿಗೆ ಮತ ಕೊಡಬೇಕೆಂದು ವಿಚಾರಣೆ ನಡೆಸಿತು. ಆಗ 27 ವರ್ಷದ ಅಂಬೇಡ್ಕರರು ಸಿಡ್ನಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಸಮಿತಿಯ ಮುಂದೆ ಅವರು ಇಟ್ಟ ವಾದ ಬಹಳ ವಿಚಾರ ಮಾಡುವಂಥದ್ದು. ಅಸ್ಪೃಶ್ಯನು ಅಂಗಡಿ ಇಟ್ಟರೆ ಕೊಳ್ಳುವವರಿಲ್ಲ, ಒಳ್ಳೆಯ ಉದ್ಯೋಗದ ಬಾಗಿಲು ಅವನಿಗೆ ಮುಚ್ಚಿದೆ. ಆಸ್ತಿ ಮಾಡಲು ಬಿಡದೆ, ಆಸ್ತಿ ಇಲ್ಲವೆಂದು ಮತ ಕೊಡದಿದ್ದರೆ ಅದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಆದ್ದರಿಂದ ಅಸ್ಪೃಶ್ಯರಿಗೆ ಮತದ ಅರ್ಹತೆಯನ್ನು ಇಳಿಸಬೇಕು, ಸಂಖ್ಯೆಗೆ ತಕ್ಕಂತೆ ಪ್ರತಿನಿಧಿಗಳು ಬೇಕು ಎಂದು ಕೇಳಿದರು. ನಮ್ಮ ವಿಚಾರವನ್ನು ಬೇರೆ ಯಾರೋ ದೊಡ್ಡವರು ಹೇಳಿದರೆ ಸಾಲದು, ನಮ್ಮೊಳಗಿನ ಮನುಷ್ಯನೇ ಅಲ್ಲಿ ಕೂಡಬೇಕು ಎಂಬುದು ಅವರ ನಿಲುವು.

ಸರಕಾರ ಅಷ್ಟನ್ನು ಕೊಡಲಿಲ್ಲ. ಚುನಾವಣೆಯ ಬದಲು ನಾಮನಿರ್ದೇಶನ ಕೊಟ್ಟಿತು. ಅಂದರೆ ಅಸ್ಪೃಶ್ಯರ ಪ್ರತಿನಿಧಿಯನ್ನು ಅಸ್ಪೃಶ್ಯರಲ್ಲ, ಸರಕಾರವೇ ಆರಿಸುವುದು.

1920ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ನೆರವಿನಿಂದ ಅವರು ಮೂಕನಾಯಕ ಪತ್ರಿಕೆ ಹೊರಡಿಸಿದರು. ಮತ್ತೆ ಲಂಡನ್ನಿಗೆ ಹೋಗಿ ಡಿ.ಎಸ್‌ಸಿ. ಮತ್ತು ಬ್ಯಾರಿಸ್ಟರ್ ಪದವಿ ಪಡೆದು 1923ರಲ್ಲಿ ಬಂದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. 1925ರಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ನಡೆದ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದರು. ನಮ್ಮ ಕರ್ನಾಟಕದ ಭಾಗಕ್ಕೆ ಅವರ ಚಳವಳಿಯ ಗಾಳಿ ಬೀಸಿದ್ದು ಹೀಗೆ.

ಶಾಸನಸಭೆಯಲ್ಲಿ ಒಬ್ಬ ಮನುಷ್ಯ ಏನು ಮಾಡಬಹುದು?

1927ರಲ್ಲಿ ಅಂಬೇಡ್ಕರರನ್ನು ಸರಕಾರ ಮುಂಬಯಿ ಶಾಸನಸಭೆಗೆ ನೇಮಿಸಿತು. ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟುವ ಸತ್ಯಾಗ್ರಹ ನಡೆಯಿತು. ಈ ಎರಡೂ ಸಂಗತಿಗಳಿಗೆ ಸಂಬಂಧ ಐತಿ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಎಸ್.ಕೆ. ಬೋಲೆಯವರು ತಂದ ಠರಾವನ್ನು ಮುಂಬಯಿ ಶಾಸನಸಭೆ 1923ರಲ್ಲಿಯೇ ಪಾಸು ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಆದರೆ ಕಾಗದದಾಗ ಠರಾವು, ಕೆರಿಯಾಗ ನೀರು, ನಡುವೆ ಭಯ. ಸಾವಿರಾರು ಜನ ಒಟ್ಟಾಗಿ ನಡೆದು ಹೋಗಿ ಆ ನೀರನ್ನು ಮುಟ್ಟಿದಾಗಲೇ ಠರಾವಿಗೆ ಜೀವ ಬಂತು. ಹಕ್ಕು ಇದ್ದರೆ ಸಾಲದು, ಅದನ್ನು ಹೋಗಿ ಚಲಾಯಿಸಬೇಕು ಎಂಬ ಪಾಠ ಅಲ್ಲಿದೆ.

ಸಭೆಯಲ್ಲಿ ಅವರು ಸುಮ್ಮನೆ ಕೂಡಲಿಲ್ಲ. 1928ರಲ್ಲಿ ಹೆರಿಗೆಯಾದ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಸಂಬಳ ಸಹಿತ ರಜೆ ಕೊಡಬೇಕೆಂಬ ಮಸೂದೆಯನ್ನು ಬೆಂಬಲಿಸಿದರು. ಅದೇ ವರ್ಷ ಮಹಾರ ವತನದ ಬಗ್ಗೆ ಮಸೂದೆ ತಂದರು. ವತನ ಅಂದರೆ ಏನೆಂದು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತುಂಡು ಭೂಮಿ, ವರ್ಷಕ್ಕಿಷ್ಟು ಆಯ. ಅದಕ್ಕಾಗಿ ಹಗಲು ರಾತ್ರಿ ಅನ್ನದೆ ಸರಕಾರದ ಮತ್ತು ಊರಿನ ಚಾಕರಿ. ಮನೆಯಲ್ಲಿ ಅವನಿಲ್ಲದಿದ್ದರೆ ಅವನ ಮಂದಿ ಹೋಗಬೇಕು. ಇಂಥ ಬಂಧನದಿಂದ ಬಿಡಿಸಬೇಕೆಂಬುದು ಆ ಮಸೂದೆಯ ಉದ್ದೇಶ. ನಡುವೆ ವಿರೋಧ ಬಂದು, ಮಸೂದೆಯ ರೂಪವೇ ಕೆಟ್ಟದ್ದರಿಂದ ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಬ್ಬಿಬ್ಬರು ನಾಮನಿರ್ದೇಶಿತ ಸದಸ್ಯರಿಂದ ಆಗುವುದು ಇಷ್ಟೇ ಎಂದು ಅವರಿಗೆ ಖಾತ್ರಿಯಾಯಿತು.

ವಯಸ್ಕರಿಗೆಲ್ಲ ಮತ ಕೊಡಿರಿ

1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ವಯಸ್ಕರಿಗೆಲ್ಲ ಮತದ ಹಕ್ಕು ಕೇಳಿದರು. ಹೆಣ್ಣು, ಗಂಡು, ಬಡವ, ಬಲ್ಲಿದ ಎಂಬ ಭೇದ ಬೇಡ ಎಂದರು. ಹಾಗೆ ಕೊಟ್ಟರೆ ಎಲ್ಲರೂ ಕೂಡಿಯೇ ಮತ ಹಾಕುವ ಕ್ಷೇತ್ರದಲ್ಲಿ ಮೀಸಲು ಸ್ಥಾನ ಇದ್ದರೆ ಸಾಕು. ಕೊಡದಿದ್ದರೆ ಅಸ್ಪೃಶ್ಯರೇ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಕ್ಷೇತ್ರ ಬೇಕು. ಇದು ಅವರ ಬೇಡಿಕೆ. ಅಕ್ಷರ ಬಾರದವರಿಗೆ ಮತ ಯಾಕೆ ಎಂದವರಿಗೆ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಓದು ಬರದವನಿಗೆ ತನ್ನ ಹಿತ ತಿಳಿಯುವುದಿಲ್ಲ ಎನ್ನುವುದು ತಪ್ಪು, ಸಾಲಿಯಿಂದ ದೂರ ಇಟ್ಟವರೇ ಸಾಲಿ ಕಲಿತಿಲ್ಲವೆಂದು ಮತ ತಪ್ಪಿಸುವುದು ಇನ್ನೂ ದೊಡ್ಡ ತಪ್ಪು.

1930ರಿಂದ ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತುಗಳು ನಡೆದವು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಕೊಟ್ಟ ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಕ್ಷೇತ್ರ, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಒಂದು ಮತ ಸಿಕ್ಕಿತು. ಇದರಿಂದ ಹಿಂದೂ ಸಮಾಜ ಒಡೆಯುತ್ತದೆಂದು ಮಹಾತ್ಮಾ ಗಾಂಧೀಜಿಯವರು ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಉಪವಾಸ ಕೂತರು. ದೇಶವೇ ತಲ್ಲಣಿಸಿತು. ಗಾಂಧೀಜಿಯವರ ಪ್ರಾಣ ಒಂದು ಕಡೆ, ತಲೆತಲಾಂತರದಿಂದ ಮೂಕರಾಗಿದ್ದ ಜನರ ಹಕ್ಕು ಇನ್ನೊಂದು ಕಡೆ. ಅಂಬೇಡ್ಕರರ ಸಂಕಟವನ್ನು ನಾವು ಊಹಿಸಬಹುದು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಪ್ರತ್ಯೇಕ ಕ್ಷೇತ್ರ ಹೋಯಿತು. ಪ್ರಾಂತಗಳ ಸಭೆಗಳಲ್ಲಿ ಒಟ್ಟು 148 ಮೀಸಲು ಸ್ಥಾನಗಳು ಬಂದವು, ಅದರಲ್ಲಿ ಸಿಂಧ್ ಸಹಿತ ನಮ್ಮ ಮುಂಬಯಿ ಇಲಾಖೆಗೆ 15. ಅಸ್ಪೃಶ್ಯ ಮತದಾರರು ಮೊದಲು ನಾಲ್ಕು ಜನರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಕೂಡಿ ಆರಿಸುವುದು ಎಂದು ಗೊತ್ತಾಯಿತು.

ಸ್ಥಾನಗಳು ಹೆಚ್ಚಾದವು. ಆದರೆ ಆರಿಸಿ ಬಂದವನು ಯಾರ ಮಾತು ಕೇಳಬೇಕು? ತನ್ನ ಜನರ ಮಾತೋ, ಕೊನೆಗೆ ಗೆಲ್ಲಿಸಿದ ಹೆಚ್ಚಿನ ಸಂಖ್ಯೆಯವರ ಮಾತೋ? ಈ ಪ್ರಶ್ನೆ ಬಾಬಾಸಾಹೇಬರನ್ನು ಕೊನೆಯವರೆಗೂ ಬಿಡಲಿಲ್ಲ.

ಚುನಾವಣೆಯ ಕಣದಲ್ಲಿ

1936ರಲ್ಲಿ ಅವರು ಸ್ವತಂತ್ರ ಮಜೂರ ಪಕ್ಷ ಕಟ್ಟಿದರು. 1937ರ ಮುಂಬಯಿ ಚುನಾವಣೆಯಲ್ಲಿ ನಿಲ್ಲಿಸಿದ 17 ಅಭ್ಯರ್ಥಿಗಳಲ್ಲಿ ಬಹುಪಾಲು ಜನ ಗೆದ್ದರು. ಸ್ವತಃ ಅವರು ಮುಂಬಯಿ ನಗರದಲ್ಲಿ ಪ್ರಖ್ಯಾತ ಕ್ರಿಕೆಟ್ ಆಟಗಾರ ಪಾಲವಣಕರ ಬಾಳೂ ಅವರನ್ನು ಸುಮಾರು 2 ಸಾವಿರ ಮತಗಳಿಂದ ಸೋಲಿಸಿದರು. ನಮ್ಮ ಕಡೆಯಿಂದ ಧಾರವಾಡದ ಬಳವಂತರಾವ್ ವರಾಳೆಯವರು ಬೆಳಗಾವಿ ಭಾಗದ ಕ್ಷೇತ್ರದಲ್ಲಿ ಇದೇ ಪಕ್ಷದಿಂದ ಆರಿಸಿ ಬಂದರು. ಧಾರವಾಡದಲ್ಲಿ ದಲಿತ ಹುಡುಗರ ವಸತಿಗೃಹ ನಡೆಸಿದವರೂ ಇವರೇ.

1942ರಲ್ಲಿ ಪರಿಶಿಷ್ಟ ಜಾತಿ ಫೆಡರೇಶನ್ ಸ್ಥಾಪನೆಯಾಯಿತು. 1946ರ ಚುನಾವಣೆಯಲ್ಲಿ ಪ್ರಾಥಮಿಕ ಹಂತದಲ್ಲಿ ತಮ್ಮ ಜನರ ಮತ ಚೆನ್ನಾಗಿ ಪಡೆದ ಫೆಡರೇಶನ್ನಿನ ಅಭ್ಯರ್ಥಿಗಳು ಕೊನೆಯ ಹಂತದಲ್ಲಿ ಸೋತರು. ಸಂವಿಧಾನ ಸಭೆಗೆ ಮುಂಬಯಿಯಿಂದ ಹೋಗಲು ಬಾಬಾಸಾಹೇಬರಿಗೇ ದಾರಿ ಇರಲಿಲ್ಲ. ಬಂಗಾಲದ ಜೋಗೇಂದ್ರನಾಥ ಮಂಡಲರು ಮುಂದಾಗಿ ಅವರನ್ನು ಅಲ್ಲಿಂದ ಆರಿಸಿ ಕಳಿಸಿದರು. ದೇಶ ಒಡೆದಾಗ ಆ ಸ್ಥಾನವೂ ಹೋಯಿತು. 1947ರ ಜುಲೈಯಲ್ಲಿ ಕಾಂಗ್ರೆಸ್ಸಿನವರೇ ಬೆಂಬಲಿಸಿ ಮುಂಬಯಿಯಿಂದ ಮತ್ತೆ ಆರಿಸಿ ತಂದರು. ಆಗಸ್ಟಿನಲ್ಲಿ ಅವರು ಕರಡು ಸಮಿತಿಯ ಅಧ್ಯಕ್ಷರಾದರು.

ಎಲ್ಲರ ಹೆಸರೂ ಒಂದೇ ಯಾದಿಯಲ್ಲಿ

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ 1919ರ ಆ ಹುಡುಗ ಪ್ರಾಧ್ಯಾಪಕನ ಕನಸು ಕಾಣುತ್ತದೆ. 325ನೇ ವಿಧಿಯ ಪ್ರಕಾರ ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಯಾದಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರ ಹೆಸರನ್ನೂ ಬಿಡುವಂತಿಲ್ಲ. 326ನೇ ವಿಧಿಯ ಪ್ರಕಾರ ವಯಸ್ಕರಿಗೆಲ್ಲ ಮತ. ಆಗ ವಯಸ್ಸು 21 ಇತ್ತು, 1989ರಿಂದ 18 ಆಗಿದೆ. 330 ಮತ್ತು 332ನೇ ವಿಧಿಗಳು ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸ್ಥಾನ ಕಾಯ್ದಿಟ್ಟವು. ಮೊದಲು 10 ವರ್ಷಕ್ಕೆಂದು ಇದ್ದ ಈ ಮೀಸಲಾತಿ ಹತ್ತತ್ತು ವರ್ಷ ಮುಂದುವರಿದು, ಈಗ 2030ರ ಜನವರಿವರೆಗೆ ಇದೆ.

1949ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅವರು ಒಂದು ಎಚ್ಚರಿಕೆ ಕೊಟ್ಟರು. ರಾಜಕೀಯದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ ಬರುತ್ತದೆ, ಆದರೆ ಸಮಾಜದಲ್ಲಿ ಮನುಷ್ಯರ ಬೆಲೆ ಬೇರೆ ಬೇರೆ ಇದೆ. ಈ ವಿರೋಧವನ್ನು ಬೇಗ ಹೋಗಲಾಡಿಸದಿದ್ದರೆ ಕಟ್ಟಿದ ಪ್ರಜಾಪ್ರಭುತ್ವಕ್ಕೇ ಅಪಾಯ ಎಂಬುದು ಆ ಮಾತಿನ ತಾತ್ಪರ್ಯ.

1951-52ರ ಮೊದಲ ಚುನಾವಣೆಗೆ ಸುಮಾರು 17 ಕೋಟಿ 30 ಲಕ್ಷ ಮತದಾರರು. ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಚಿತ್ರದ ಗುರುತುಗಳು ಬಂದವು, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟರು. ಯಾದಿ ಬರೆಯಲು ಹೋದಾಗ ಉತ್ತರ ಭಾರತದ ಅನೇಕ ಕಡೆ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೇಣ್ತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದೆ ಮತವಿಲ್ಲವೆಂದು ಚುನಾವಣಾ ಆಯುಕ್ತ ಸುಕುಮಾರ ಸೇನರು ಸುಮಾರು 28 ಲಕ್ಷ ಮಹಿಳೆಯರನ್ನು ಯಾದಿಯಿಂದ ತೆಗೆಯಬೇಕಾಯಿತು. ಹಕ್ಕು ಮನಿ ಬಾಗಿಲಿಗೆ ಬಂದರೂ ಹೆಸರು ಹೇಳುವ ಧೈರ್ಯ ಬೇಕು ನೋಡ್ರಿ.

ಇನ್ನು ಆ ಚುನಾವಣೆಯಲ್ಲಿ ಬಾಬಾಸಾಹೇಬರ ಗತಿ ಏನಾಯಿತು? ಹಿಂದೂ ಸಂಹಿತೆಯ ಮಸೂದೆ ನಿಂತುಹೋದ ಬೇಸರದಲ್ಲಿ 1951ರಲ್ಲಿ ಅವರು ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಿದ್ದರು. 1952ರಲ್ಲಿ ಉತ್ತರ ಮುಂಬಯಿ ಲೋಕಸಭಾ ಕ್ಷೇತ್ರದ ಮೀಸಲು ಸ್ಥಾನಕ್ಕೆ ನಿಂತು ಕಾಂಗ್ರೆಸ್ಸಿನ ನಾರಾಯಣ ಕಾಜರೋಳಕರ ಎದುರು 14 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋತರು. ಎಲ್ಲರಿಗೂ ಮತ ಕೊಡಿಸಿದ ಮನುಷ್ಯನನ್ನು ಮತದಾರರು ಎರಡು ಸಲ ಮನೆಗೆ ಕಳಿಸಿದರು. ಆದರೂ ಮತ ಕೊಟ್ಟದ್ದೇ ತಪ್ಪಾಯಿತು ಎಂದು ಅವರು ಹೇಳಲಿಲ್ಲ. ರಾಜ್ಯಸಭೆಯ ಸದಸ್ಯರಾಗಿ ಕೆಲಸ ಮುಂದುವರಿಸಿದರು. ಮೀಸಲು ಸ್ಥಾನಗಳು ತಮ್ಮ ಉದ್ದೇಶ ಪೂರೈಸುತ್ತಿಲ್ಲವೆಂದು ಅನಿಸಿ, ಶಾಸನಸಭೆಗಳ ಮೀಸಲು ಸ್ಥಾನಗಳು ಬೇಡವೆಂದು 1955ರಲ್ಲಿ ಅವರ ಫೆಡರೇಶನ್ನೇ ಠರಾವು ಮಾಡಿತು. ಮತದ ಹಕ್ಕನ್ನು ಮಾತ್ರ ಎಂದೂ ಬಿಟ್ಟುಕೊಡಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ನವೆಂಬರ್ 1ರಂದು ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಾದ 35 ದಿವಸಕ್ಕೆ, ಡಿಸೆಂಬರ್ 6ರಂದು, ದಿಲ್ಲಿಯಲ್ಲಿ ಬಾಬಾಸಾಹೇಬರು ಕಣ್ಣು ಮುಚ್ಚಿದರು. ಆಗ ಅವರಿಗೆ 65 ವರ್ಷ.

ನಮ್ಮ ಊರಿಗೆ ಇದರ ಪಾಠ

ಅವರ ದುಡಿಮೆಯ ಫಲ ನಮ್ಮ ಕಣ್ಣೆದುರಿಗೇ ಐತಿ. ನಮ್ಮ ಇಂಡಿ ತಾಲೂಕಿನ ಬಳ್ಳೊಳ್ಳಿಯ ಹೆಸರಿನ ವಿಧಾನಸಭಾ ಕ್ಷೇತ್ರ ಬಹಳ ವರ್ಷ ಪರಿಶಿಷ್ಟ ಜಾತಿಗೆ ಮೀಸಲಿತ್ತು. 2008ರಲ್ಲಿ ಆ ಕ್ಷೇತ್ರ ಹೋಗಿ ನಾಗಠಾಣ ಮೀಸಲು ಕ್ಷೇತ್ರ ಬಂತು. ಬಿಜಾಪುರ ಲೋಕಸಭಾ ಕ್ಷೇತ್ರವೂ 2009ರಿಂದ ಮೀಸಲಾಗಿದೆ. ಪಂಚಾಯತಿಗಳಲ್ಲಿ 1987ರ ಚುನಾವಣೆಯಿಂದ ಮಹಿಳೆಯರಿಗೆ ಸ್ಥಾನ ಕಾಯ್ದಿಟ್ಟರು, ಈಗ ಅದು ಅರ್ಧದಷ್ಟಾಗಿದೆ. ನಮ್ಮಂಥ ಸಹಕಾರಿ ಸಂಘಗಳ ಆಡಳಿತ ಮಂಡಳಿಯಲ್ಲಿಯೂ ಪರಿಶಿಷ್ಟರಿಗೆ, ಮಹಿಳೆಯರಿಗೆ, ಹಿಂದುಳಿದವರಿಗೆ ಕುರ್ಚಿ ಇದೆ.

ಕುರ್ಚಿ ಇದೆ ನಿಜ. ಆದರೆ ಪುಣೆ ಒಪ್ಪಂದದ ಆ ಹಳೇ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಮುಗಿದಿಲ್ಲ. ಮೀಸಲು ಸ್ಥಾನಕ್ಕೆ ಯಾರು ನಿಲ್ಲಬೇಕೆಂದು ಎಷ್ಟೋ ಕಡೆ ದೊಡ್ಡ ಮನೆಯ ಪಡಸಾಲೆಯಲ್ಲಿ ಗೊತ್ತಾಗುತ್ತದೆ. ಆರಿಸಿ ಬಂದ ಹೆಣ್ಣುಮಗಳ ಬದಲಿಗೆ ಗಂಡ ಸಭೆಗೆ ಬರುತ್ತಾನೆ. ದಲಿತ ಸದಸ್ಯ ಬಾಗಿಲ ಹತ್ತಿರ ಕುಂತು, ಕೇಳಿದಲ್ಲಿ ಸಹಿ ಮಾಡಿ ಹೋಗುತ್ತಾನೆ. ಲೆಕ್ಕದಾಗ ಪ್ರತಿನಿಧಿ ಇದ್ದಾನ, ಮಾತಿನಾಗ ಇಲ್ಲ. ಇದು ಒಂದು ಊರಿನ ಮಾತಲ್ಲ, ಸಾಲ ಯಾರಿಗೆ ಸಿಗಬೇಕು, ಬೀಜ ಗೊಬ್ಬರ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದ ಎಲ್ಲ ಕಡೆಯ ಮಾತು.

ಇನ್ನೊಂದು ಮಾತು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ತಾಂಡಾಗಳಿಂದ, ಕೇರಿಗಳಿಂದ ಜನ ಗೋವಾ, ಪುಣೆ, ಮುಂಬಯಿಗೆ ದುಡಿಯಾಕ ಹೋಗ್ತಾರ, ಕಬ್ಬು ಕಡಿಯಾಕ ಹೋಗ್ತಾರ. ಚುನಾವಣೆ ಬೇಸಿಗೆಯಲ್ಲಿ ಬಂದರೆ ಅವರು ಊರಾಗ ಇರೂದಿಲ್ಲ. ಅವರ ಹೆಸರು ಯಾದಿಯಲ್ಲಿ ಐತೋ ಇಲ್ಲೋ ನೋಡುವವರೂ ಇಲ್ಲ. 1919ರಲ್ಲಿ ಆಸ್ತಿ ಇಲ್ಲದ್ದಕ್ಕೆ ಮತ ತಪ್ಪಿತ್ತು, ಈಗ ಹೊಟ್ಟೆಪಾಡಿಗೆ ತಪ್ಪುತ್ತಿದೆ. ತಪ್ಪುವವರು ಮಾತ್ರ ಬಹುಮಟ್ಟಿಗೆ ಅದೇ ಮಂದಿ.

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಯಾದಿ ಪರಿಷ್ಕರಣೆಯ ಕಾಲಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯವರ ಹೆಸರಿನ ಜೊತೆಗೆ ದುಡಿಯಲು ಹೋದ ನೆರೆಮನೆಯವರ ಹೆಸರನ್ನೂ ನೋಡಿರಿ. 18 ತುಂಬಿದ ಹುಡುಗ ಹುಡುಗಿಯರ ಹೆಸರು ಹಚ್ಚಿಸಿರಿ. ಸರ್ವಸಾಧಾರಣ ಸಭೆಗೆ ಹೆಣ್ಣುಮಕ್ಕಳು ತಾವೇ ಬರಲಿ, ತಮ್ಮ ಹೆಸರನ್ನು ತಾವೇ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಲಿ. ಮೀಸಲು ಸ್ಥಾನದ ಸದಸ್ಯರು ಮಾತಾಡಲು ಎದ್ದಾಗ ಉಳಿದವರು ಕೂತು ಕೇಳಲಿ. ಅವರ ಮಾತನ್ನು ಸೆಕ್ರೆಟರಿಯವರು ಠರಾವು ಪುಸ್ತಕದಲ್ಲಿ ಬರೆದುಕೊಳ್ಳಲಿ.

ಬಾಬಾಸಾಹೇಬರ ಫೋಟೋಕ್ಕೆ ವರ್ಷಕ್ಕೊಮ್ಮೆ ಹಾರ ಹಾಕುವುದು ಒಳ್ಳೆಯದೇ. ಅವರು ನಮಗೆ ಬಿಟ್ಟು ಹೋದ ಒಂದೊಂದು ಮತವನ್ನು ಯಾರ ಅಂಜಿಕೆಯಿಲ್ಲದೆ, ಯಾರ ಹಂಗಿಲ್ಲದೆ ಹಾಕುವುದು ಅದಕ್ಕಿಂತ ಒಳ್ಳೆಯದು. ನಮ್ಮ ಸಂಘದ ಮುಂದಿನ 25 ವರ್ಷಗಳ ಚುನಾವಣೆಗಳು ಹಾಗೆ ನಡೆಯಲಿ ಎಂದು ಹಾರೈಸುತ್ತೇವೆ.